ಒಂದು ಫೋನು, ನಾಲ್ಕು ಜನ

(ಕ್ಷೇತ್ರಕಾರ್ಯಕ್ಕೆ ಹೊರಟ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ನಿಮ್ಮ ಕೈಯಲ್ಲಿರುವ ಪ್ರಶ್ನಾವಳಿಯ ಮೊದಲ ಪುಟ ತೆಗೆಯಿರಿ. ‘ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ?’ ಅಂತ ಒಂದು ಪ್ರಶ್ನೆ ಇದೆ. ಎದುರಿಗೆ ಹೌದು, ಇಲ್ಲ ಅಂತ ಎರಡು ಚೌಕ. ಅವರು ಹೌದು ಅನ್ನುತ್ತಾರೆ, ನೀವು ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೀರಿ. ಇವತ್ತು ಆ ಚೌಕದ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲೋಣ.

ಆ ಫೋನು ಯಾರದ್ದು? ಬೆಳಿಗ್ಗೆ ಮಗ ಕೆಲಸಕ್ಕೆ ಹೋದರೆ ಅವನ ಜೇಬಿನಲ್ಲಿ ಅದೂ ಹೋಗುತ್ತದೆ. ಸಂಜೆ ಅವನು ಬಂದ ಮೇಲೆ ತಂಗಿ ಅದರಲ್ಲಿ ಶಾಲೆಯ ಗುಂಪು ತೆರೆದು ಹೋಂವರ್ಕ್ ನೋಡುತ್ತಾಳೆ. ಊಟ ಆದ ಮೇಲೆ ಅಮ್ಮ ತವರಿಗೆ ಮಾತಾಡುತ್ತಾರೆ. ನಂಬರ್ ಹುಡುಕಿ ಕೊಡುವವಳು ಮಗಳು. ಅಜ್ಜಿಯ ಪಿಂಚಣಿ ಜಮಾ ಆಯಿತು ಅನ್ನುವ ಮೆಸೇಜೂ ಅದೇ ಫೋನಿಗೆ ಬರುತ್ತದೆ. ಅಜ್ಜಿ ಆ ಫೋನನ್ನು ಒಂದು ದಿನವೂ ಮುಟ್ಟಿರುವುದಿಲ್ಲ. ಹಾಗಂತ ಅಜ್ಜಿ ಅದನ್ನು ಬಳಸುತ್ತಿಲ್ಲ ಅನ್ನಲು ಆಗುತ್ತದಾ? ತಿಂಗಳು ತಿಂಗಳು ‘ದುಡ್ಡು ಬಂತೇನೋ ನೋಡು’ ಅಂತ ಮೊಮ್ಮಗನನ್ನು ಕೇಳುವವರು ಅವರೇ. ಆ ಮನೆಯಲ್ಲಿ ಫೋನಿನ ಮೇಲೆ ಎಲ್ಲರಿಗಿಂತ ಜಾಸ್ತಿ ಅವಲಂಬಿತರೂ ಅವರೇ ಇರಬಹುದು.

ಒಂದು ಫೋನು, ನಾಲ್ಕು ಜನ, ನಾಲ್ಕು ಬಗೆಯ ಬಳಕೆ. ನಿಮ್ಮ ಹಾಳೆಯಲ್ಲಿ ಒಂದು ಟಿಕ್. ನಮ್ಮ ಊರು ಕೇರಿಗಳಲ್ಲಿ ಡಿಜಿಟಲ್ ಕೆಲಸ ಒಬ್ಬರ ಕೈಯಲ್ಲಿ ಶುರುವಾಗಿ ಅವರ ಕೈಯಲ್ಲೇ ಮುಗಿಯುವುದು ಕಡಿಮೆ. ಅದು ಕೈಯಿಂದ ಕೈಗೆ ದಾಟುತ್ತದೆ. ನಡುವೆ ಇರುವ ಆ ಕೈಗಳನ್ನು ನೋಡದೆ ಮಾಡಿದ ಅಧ್ಯಯನ ಅರ್ಧ ಅಧ್ಯಯನ ಅಂತ ನಾನು ನಂಬಿದ್ದೇನೆ. ಇವತ್ತಿನ ಮಾತೆಲ್ಲ ಇದರ ಬಗ್ಗೆಯೇ.

ಮೊದಲು ಪಕ್ಕದ ಕೇರಳಕ್ಕೆ ಹೋಗಿ ಬರೋಣ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂತು. ಮೊದಲು ಕೋಝಿಕ್ಕೋಡ್ ಕಡೆಗೆ, ಆಮೇಲೆ ಕಣ್ಣೂರಿಗೆ, ಕೊನೆಗೆ ಕಾಸರಗೋಡಿಗೆ. ಹೀಗೆ ಒಂದೊಂದು ಕಡೆಗೆ ಒಂದೊಂದು ಕಾಲಕ್ಕೆ ಬಂದದ್ದು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರಿಗೆ ಅನುಕೂಲವಾಯಿತು. ಫೋನ್ ಬಂದ ಊರನ್ನು ಇನ್ನೂ ಬರದ ಊರಿನ ಜೊತೆ ಹೋಲಿಸಬಹುದು, ಅಲ್ವಾ? ಅವರು ಬೂತಾಯಿ ಮೀನಿನ ದರವನ್ನು ಊರೂರಿನ ದಡದಲ್ಲಿ ವಾರ ವಾರ ಬರೆಸಿಕೊಂಡರು. ಫೋನ್ ಇಲ್ಲದಿದ್ದಾಗ ಒಂದು ದಡದಲ್ಲಿ ಮೀನು ಜಾಸ್ತಿಯಾಗಿ, ಕೊಳ್ಳುವವರಿಲ್ಲದೆ ಸಮುದ್ರಕ್ಕೇ ಸುರಿಯುತ್ತಿದ್ದರು. ಅದೇ ಹೊತ್ತಿಗೆ ಕೆಲವೇ ಮೈಲಿ ಆಚೆ ಇನ್ನೊಂದು ದಡದಲ್ಲಿ ಮೀನಿಗೆ ಕಾಯುತ್ತಿದ್ದರು. ಫೋನ್ ಬಂದ ಮೇಲೆ ದೋಣಿಯಿಂದಲೇ ವಿಚಾರಿಸಿ, ದರ ಇರುವ ಕಡೆಗೆ ತಿರುಗತೊಡಗಿದರು. ಮೀನು ಸುರಿಯುವುದು ನಿಂತಿತು. ಮೀನುಗಾರರ ಲಾಭ ಸುಮಾರು 8 ಶೇಕಡ ಏರಿತು. ಕೊಳ್ಳುವವರಿಗೂ ದರ ಸುಮಾರು 4 ಶೇಕಡ ಇಳಿಯಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನ ಲೋಕವನ್ನೆಲ್ಲ ಸುತ್ತಿತು. ಹಳ್ಳಿಗೆ ಫೋನ್ ಕೊಟ್ಟರೆ ಬಡತನ ಇಳಿಯುತ್ತದೆ ಅನ್ನುವವರೆಲ್ಲ ಇದನ್ನು ಎತ್ತಿ ತೋರಿಸಿದರು.

ಅಧ್ಯಯನ ಚೆನ್ನಾಗಿಯೇ ಇದೆ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಕೆಲವು ವರ್ಷಗಳ ನಂತರ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಎಂಬ ಇಬ್ಬರು ಸಂಶೋಧಕರು ಅದೇ ಕೇರಳದ ದಡಕ್ಕೆ ಹೋದರು. ಮೀನುಗಾರರ ಜೊತೆ, ಹರಾಜು ಕೂಗುವವರ ಜೊತೆ, ವ್ಯಾಪಾರಿಗಳ ಜೊತೆ ಕೂತು ಮಾತಾಡಿದರು. 2013ರಲ್ಲಿ ಅವರು ಮಂಡಿಸಿದ ಚಿತ್ರ ಇನ್ನೂ ಗೋಜಲು. ಒಂದೊಂದು ಬಗೆಯ ದೋಣಿಗೆ, ಬಲೆಗೆ ಒಂದೊಂದು ಲೆಕ್ಕ. ಎಲ್ಲರೂ ದರ ಕೇಳಿ ದೋಣಿ ತಿರುಗಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ದರ ಗೊತ್ತಾದ ಮಾತ್ರಕ್ಕೆ ಬೇಕಾದಲ್ಲಿ ಮಾರುವ ಸ್ವಾತಂತ್ರ್ಯ ಬರುವುದಿಲ್ಲ. ಸಾಲ ಕೊಟ್ಟವರು ಯಾರು, ಯಾರ ಜೊತೆ ಎಷ್ಟು ವರ್ಷದ ವ್ಯವಹಾರ, ಇವೂ ಲೆಕ್ಕಕ್ಕೆ ಬರುತ್ತವೆ.

ಜೆನ್ಸನ್ ಸರಿಯೋ, ಇವರಿಬ್ಬರು ಸರಿಯೋ ಅಂತ ಕೇಳಬೇಡಿ. ದರದ ಪಟ್ಟಿ ಬರೆದವರಿಗೆ ದರ ಕಂಡಿತು. ದಡದಲ್ಲಿ ಕೂತವರಿಗೆ ಸಂಬಂಧ ಕಂಡಿತು. ನಮ್ಮ ಮಲ್ಪೆಯ ಧಕ್ಕೆಗೆ, ಅಂದರೆ ಬೋಟಿನಿಂದ ಮೀನು ಇಳಿಸುವ ಕಟ್ಟೆಗೆ, ಬೆಳಗಿನ ಜಾವ ಹೋಗಿ ನಿಂತರೆ ನಿಮಗೂ ಇದು ಗೊತ್ತಾಗುತ್ತದೆ. ಬೋಟಿನಲ್ಲಿ ಜಿಪಿಎಸ್ ಇದೆ, ಮೀನು ಹುಡುಕುವ ಯಂತ್ರ ಇದೆ, ವೈರ್‌ಲೆಸ್ ಇದೆ, ಪ್ರತಿಯೊಬ್ಬರ ಜೇಬಿನಲ್ಲೂ ಫೋನ್ ಇದೆ. ಹೀಗಿದ್ದೂ ಮೀನು ಎಲ್ಲಿ ಸಿಕ್ಕಿತು ಅನ್ನುವುದನ್ನು ಯಾರು ಯಾರಿಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ ಅನ್ನುವುದನ್ನು ಆ ಯಂತ್ರಗಳು ನಿಮಗೆ ತಿಳಿಸುವುದಿಲ್ಲ. ಅದನ್ನು ಆ ಜನರನ್ನೇ ಕೇಳಬೇಕು. ಕೇಳಿದ ತಕ್ಷಣ ಹೇಳುವುದೂ ಇಲ್ಲ.

ಇನ್ನೊಂದು ಉದಾಹರಣೆ ನಮ್ಮ ಉತ್ತರದ ಗಡಿಗೆ ಹತ್ತಿರದ್ದು, ಕೊಲ್ಹಾಪುರ ಕಡೆಯ ವಾರಣಾ. ಕಬ್ಬಿನ ಸಹಕಾರ ಸಂಘಕ್ಕೆ ಹೆಸರಾದ ಪ್ರದೇಶ. 1998ರಲ್ಲಿ ಅಲ್ಲಿನ ಹಳ್ಳಿಗಳಿಗೆ ಕಂಪ್ಯೂಟರ್ ಕೇಂದ್ರಗಳು ಬಂದವು. ರೈತರು ಪೇಟೆ ದರ ನೋಡುತ್ತಾರೆ, ಬೇಸಾಯದ ಮಾಹಿತಿ ತಿಳಿಯುತ್ತಾರೆ ಅಂತೆಲ್ಲ ದೊಡ್ಡ ನಿರೀಕ್ಷೆ ಇತ್ತು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ಕೆಲವು ವರ್ಷಗಳ ನಂತರ ಹೋಗಿ ನೋಡಿದರೆ ಜನ ಬರುತ್ತಿದ್ದದ್ದು ಬಹುಮಟ್ಟಿಗೆ ತಮ್ಮ ಕಬ್ಬಿನ ಲೆಕ್ಕಕ್ಕೆ. ನನ್ನ ಕಬ್ಬು ಎಷ್ಟು ಟನ್ ತೂಗಿತು, ಕಟಾವಿನ ಚೀಟಿ ಯಾವಾಗ, ಗೊಬ್ಬರ ಎಷ್ಟು ಬಾಕಿ, ಇಷ್ಟೇ. ಅಷ್ಟಕ್ಕೆ ಕಂಪ್ಯೂಟರ್ ಯಾಕೆ? ಕೆಲವು ಹಳ್ಳಿಗಳಲ್ಲಿ ಅದನ್ನು ತೆಗೆದು, ಎಸ್ಸೆಮ್ಮೆಸ್ ಕಳಿಸಿದರೆ ಲೆಕ್ಕ ಬರುವಂತೆ ಮಾಡಿದರು. ಜನರಿಗೆ ಅದೇ ಒಗ್ಗಿತು. ಕಬ್ಬು ಬೆಳೆದು ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಮಂಡ್ಯದವರನ್ನಾಗಲಿ ಬೆಳಗಾವಿಯವರನ್ನಾಗಲಿ ಮೊದಲೇ ಕೇಳಿದ್ದರೆ ಹೇಳುತ್ತಿದ್ದರು.

ಈಗ ಕೋಲಾರ ಜಿಲ್ಲೆಗೆ ಬರೋಣ. ಬೂದಿಕೋಟೆಯ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೋ ಬಗ್ಗೆ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಪತ್ರಿಕೋದ್ಯಮದವರು ಕೇಳಿರಲೇಬೇಕು. ಅದು ಶುರುವಾದಾಗ ನಮ್ಮ ದೇಶದಲ್ಲಿ ಹಳ್ಳಿಯವರು ರೇಡಿಯೋ ಕೇಂದ್ರ ನಡೆಸಲು ಪರವಾನಗಿಯೇ ಇರಲಿಲ್ಲ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಅವಕಾಶ ಸಿಕ್ಕಿದ್ದು 2006ರಲ್ಲಿ. ಬೂದಿಕೋಟೆಯವರು ಅಷ್ಟು ಕಾಲ ಕಾಯಲಿಲ್ಲ. ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ಜೊತೆಗೂಡಿ, ಮಹಿಳಾ ಸಂಘಗಳ ಬೆಂಬಲದಿಂದ, ಊರಲ್ಲೇ ಒಂದು ಚಿಕ್ಕ ಸ್ಟುಡಿಯೋ ಮಾಡಿಕೊಂಡರು. ಕಾರ್ಯಕ್ರಮಗಳನ್ನು ಕ್ಯಾಸೆಟ್‌ಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಆಮೇಲೆ ಟಿವಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಧ್ವನಿ ಕಳಿಸಿದರು. ಗಾಳಿಯಲ್ಲಿ ಕಳಿಸಲು ಪರವಾನಗಿ ಬೇಕು, ತಂತಿಯಲ್ಲಿ ಬೇಡ! ಈ ಜಾಣ್ಮೆ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ನಾನು ಹೇಳಬೇಕಾದದ್ದು ಅಲ್ಲಿ ನಡೆದ ಸಂಶೋಧನೆಯ ಬಗ್ಗೆ. ಯುನೆಸ್ಕೋ ಆ ಹೊತ್ತಿಗೆ ದಕ್ಷಿಣ ಏಷ್ಯಾದ ಹಲವು ಕಡೆ ಇಂಥ ಕೇಂದ್ರಗಳಿಗೆ ನೆರವು ಕೊಡುತ್ತಿತ್ತು. ಜೋ ಟಾಕಿ, ಡಾನ್ ಸ್ಲೇಟರ್, ಗ್ರೆಗ್ ಹರ್ನ್ ಎಂಬ ಮೂವರು 2003ರಲ್ಲಿ ಒಂದು ಕೈಪಿಡಿ ಬರೆದುಕೊಟ್ಟರು. ಹೊರಗಿನಿಂದ ಪಂಡಿತರು ಬಂದು ಅಳೆದು ಹೋಗುವ ಬದಲು, ಕೇಂದ್ರದಲ್ಲಿ ಕೆಲಸ ಮಾಡುವ ಊರಿನವರೇ ದಿನವೂ ಟಿಪ್ಪಣಿ ಬರೆಯಬೇಕು. ತಾವು ಕಂಡದ್ದನ್ನು ಇಟ್ಟುಕೊಂಡು ಕೆಲಸವನ್ನು ತಿದ್ದಿಕೊಳ್ಳುತ್ತಾ ಹೋಗಬೇಕು. ಆ ಕ್ರಮದ ತಿರುಳು ಇದು. ನಮ್ಮ ಧ್ವನಿಯೂ ಈ ರೀತಿ ಸಂಶೋಧನೆ ನಡೆದ ಕೇಂದ್ರಗಳಲ್ಲಿ ಒಂದು.

ಆ ಕೈಪಿಡಿಯಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಒಂದಿದೆ. ರೇಡಿಯೋ ಬಗ್ಗೆ ತಿಳಿಯಬೇಕಾದರೆ ರೇಡಿಯೋ ಒಂದನ್ನೇ ನೋಡಬೇಡಿ, ಆ ಊರಿನಲ್ಲಿ ಸುದ್ದಿ ಓಡಾಡುವ ದಾರಿಗಳನ್ನೆಲ್ಲ ನೋಡಿ ಅನ್ನುವುದು. ನಮ್ಮ ಕಡೆ ಯೋಚಿಸಿ. ನಲ್ಲಿ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಅನ್ನುವುದು ಹೇಗೆ ಗೊತ್ತಾಗುತ್ತದೆ? ವಾಟರ್‌ಮ್ಯಾನ್ ಸೈಕಲ್ಲಿನಲ್ಲಿ ಹೋಗುವಾಗ ಒಬ್ಬರಿಗೆ ಹೇಳುತ್ತಾನೆ, ಅವರು ಕೂಗಿ ಪಕ್ಕದ ಮನೆಗೆ ಹೇಳುತ್ತಾರೆ. ರೇಷನ್ ಬಂದದ್ದು ಡೈರಿಗೆ ಹಾಲು ಹಾಕಲು ಹೋದಾಗ ತಿಳಿಯುತ್ತದೆ. ಸಾವಿನ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದರೂ, ಆಳು ಕಳಿಸಿ ಹೇಳದಿದ್ದರೆ ಕೆಲವು ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ. ದೇವಸ್ಥಾನದ ಮೈಕು, ಬಸ್ ಕಂಡಕ್ಟರು, ಸಂತೆ, ಅಂಗನವಾಡಿ ಟೀಚರು, ಇವೆಲ್ಲದರ ನಡುವೆ ಫೋನೂ ಒಂದು. ಅದು ಯಾವ ಸುದ್ದಿಗೆ ಸಾಕು, ಯಾವ ಸುದ್ದಿಗೆ ಸಾಲದು ಅಂತ ಊರಿಗೆ ಚೆನ್ನಾಗಿ ಗೊತ್ತಿದೆ. ನಿಮ್ಮ ಮೊದಲ ವಾರದಲ್ಲಿ ಈ ದಾರಿಗಳ ನಕ್ಷೆ ಬರೆಯಿರಿ. ಪ್ರಶ್ನಾವಳಿ ಚೀಲದಲ್ಲೇ ಇರಲಿ.

ನಡುವಿನ ಕೈಗಳ ವಿಷಯಕ್ಕೆ ಮತ್ತೆ ಬರುತ್ತೇನೆ. 2010ರಲ್ಲಿ ನಿತ್ಯಾ ಸಾಂಬಶಿವನ್ ಮತ್ತು ಜೊತೆಯವರು ಬೆಂಗಳೂರಿನ ಕೊಳೆಗೇರಿಗಳಲ್ಲಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ತಾವಾಗಿ ಫೋನ್ ಬಳಸಲು ಬಾರದವರು ಇನ್ನೊಬ್ಬರ ಮೂಲಕ ಹೇಗೆ ಬಳಸುತ್ತಾರೆ ಅಂತ ಅವರು ನೋಡಿದರು. ಕೆಲವು ಸಲ ಪಕ್ಕದವರು ಬರೀ ನಂಬರ್ ಒತ್ತಿ ಕೊಡುತ್ತಾರೆ, ಮಾತಾಡುವುದು ಇವರೇ. ಕೆಲವು ಸಲ ಬಂದ ಮೆಸೇಜನ್ನು ಓದಿ, ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಇನ್ನು ಕೆಲವು ಸಲ ಪೂರ್ತಿ ಕೆಲಸ ಅವರೇ ಮಾಡಿ ಮುಗಿಸುತ್ತಾರೆ. ಮೂರೂ ಸಹಾಯವೇ. ಆದರೆ ಮೂರರಲ್ಲಿ ಕಲಿಕೆ ಬೇರೆ, ಹಂಗು ಬೇರೆ, ಮೋಸ ಹೋಗುವ ಅಪಾಯ ಬೇರೆ.

ಈ ಕಣ್ಣಿನಿಂದ 2023ರ ಬೇಸಿಗೆ ಮುಗಿದ ಮೇಲಿನ ದಿನಗಳನ್ನು ನೆನಪಿಸಿಕೊಳ್ಳಿ. ಗೃಹಲಕ್ಷ್ಮಿ ನೋಂದಣಿ ಜುಲೈಯಲ್ಲಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಗ್ರಾಮ ಒನ್ ಕೇಂದ್ರಗಳ ಮುಂದೆ ಹೆಂಗಸರ ಸಾಲು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು, ಆಧಾರ್, ಗಂಡನ ಆಧಾರ್, ಪಾಸ್‌ಬುಕ್. ‘ಓಟಿಪಿ ಬಂತಾ ಅಕ್ಕ?’ ‘ನಂಬರ್ ನಮ್ಮ ಹುಡುಗಂದು, ಅವನು ಬೆಂಗಳೂರಲ್ಲಿದಾನೆ.’ ‘ಫೋನ್ ಮಾಡಿ ಕೇಳಿ.’ ಮಗ ಅಲ್ಲಿ ಡ್ಯೂಟಿಯಲ್ಲಿ, ಫೋನ್ ಎತ್ತುವುದಿಲ್ಲ. ಎತ್ತುವ ಹೊತ್ತಿಗೆ ಓಟಿಪಿಯ ಸಮಯ ಮುಗಿದಿರುತ್ತದೆ. ಇಂಥ ಮಾತು ನೀವೆಲ್ಲರೂ ಕೇಳಿದ್ದೀರಿ. ಆ ಅರ್ಜಿಯನ್ನು ಬಳಸಿದವರು ಯಾರು ಹೇಳಿ? ಸಾಲಿನಲ್ಲಿ ನಿಂತ ಅಕ್ಕನಾ, ಕಂಪ್ಯೂಟರ್ ಮುಂದಿನ ಹುಡುಗನಾ, ಬೆಂಗಳೂರಿನ ಮಗನಾ? ದಾಖಲೆಯಲ್ಲಿ ಒಂದು ಹೆಸರಿದೆ. ಕೆಲಸ ಮೂವರದು.

ಆ ಕಂಪ್ಯೂಟರ್ ಮುಂದಿನ ಹುಡುಗನನ್ನು ನೀವು ಗಮನಿಸಬೇಕು. ಅನೇಕ ಊರುಗಳಲ್ಲಿ ಅದು ಜೆರಾಕ್ಸ್ ಅಂಗಡಿಯ ಹುಡುಗ, ಈಗ ಹುಡುಗಿಯರೂ ಇದ್ದಾರೆ. ಅವರ ಬಳಿ ಒಂದು ನೋಟ್‌ಬುಕ್ ಇರುತ್ತದೆ. ಅದರಲ್ಲಿ ಊರವರ ಲಾಗಿನ್, ಪಾಸ್‌ವರ್ಡ್, ಅರ್ಜಿ ಸಂಖ್ಯೆ. ಜನರೇ ಬರೆಸಿರುತ್ತಾರೆ. ‘ನಂಗೆಲ್ಲಿ ನೆನಪಿರುತ್ತೆ, ನಿನ್ನ ಹತ್ರಾನೇ ಇರಲಿ’ ಅಂತ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಅನ್ನುವ ಬೋರ್ಡು ಅದೇ ಅಂಗಡಿಯ ಗೋಡೆಯಲ್ಲಿ ಇರಬಹುದು. ಜನ ತಿಳಿವಳಿಕೆ ಇಲ್ಲದವರು ಅಂತ ಇದನ್ನು ನೋಡಿ ತೀರ್ಮಾನಿಸಬೇಡಿ. ಅವರು ಲೆಕ್ಕ ಹಾಕಿಯೇ ನಂಬಿದ್ದಾರೆ. ಇವನ ಅಪ್ಪ ಗೊತ್ತು, ಮನೆ ಗೊತ್ತು, ನಾಳೆ ಇವನು ಇದೇ ಊರಲ್ಲಿ ಬಾಳಬೇಕು. ಆ ಲೆಕ್ಕ ಎಲ್ಲಿಯವರೆಗೆ ಸರಿ, ಎಲ್ಲಿ ತಪ್ಪುತ್ತದೆ ಅನ್ನುವುದೇ ಒಂದು ಪ್ರಬಂಧಕ್ಕೆ ಸಾಕಾಗುವ ವಿಷಯ. ನಿಮ್ಮಲ್ಲಿ ಯಾರಾದರೂ ತೆಗೆದುಕೊಂಡರೆ ಸಂತೋಷ.

ಮಧ್ಯವರ್ತಿ ಇಲ್ಲದಂತೆ ಮಾಡುತ್ತೇವೆ ಅನ್ನುವುದು ಪ್ರತಿ ಹೊಸ ವ್ಯವಸ್ಥೆಯ ಮೊದಲ ಮಾತು. ನಮ್ಮ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಗ್ರಾಮ ಲೆಕ್ಕಿಗರ ಮನೆಗೆ ಅಲೆಯುವುದು ತಪ್ಪಿತು. ಇದು ಸಣ್ಣ ಸಾಧನೆ ಅಲ್ಲ, ಆ ಅಲೆದಾಟ ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಇನ್ನೊಂದು ಮುಖ ತೋರಿಸಿದರು. ದಾಖಲೆ ಒಂದೇ ಕಡೆ ಸೇರಿದಾಗ ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ದಾರಿ ಸುಲಭವಾಯಿತು ಅನ್ನುವುದು ಅವರ ವಾದ. ನೀವು ಒಪ್ಪಿ, ಬಿಡಿ. ಕೌಂಟರಿನ ಕಿಟಕಿಯ ಹತ್ತಿರ ಮಾತ್ರ ನಿಂತಿದ್ದರೆ ಇಂಥ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಪಹಣಿ ತೆಗೆದುಕೊಂಡವರು ಅದನ್ನು ಹಿಡಿದು ಮುಂದೆ ಎಲ್ಲಿಗೆ ಹೋದರು ಅಂತ ಹಿಂಬಾಲಿಸಬೇಕು. ಸಾಲಕ್ಕೆ ಬ್ಯಾಂಕಿಗೋ, ವ್ಯಾಜ್ಯಕ್ಕೆ ಕೋರ್ಟಿಗೋ, ಮಾರಾಟಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೋ?

ಬೆಳೆ ಸಮೀಕ್ಷೆಯಲ್ಲೂ ಹೀಗೆಯೇ. 2020ರಲ್ಲಿ ರೈತರೇ ಆ್ಯಪ್‌ನಲ್ಲಿ ತಮ್ಮ ಹೊಲದ ಬೆಳೆಯ ಫೋಟೋ ಹಾಕಬಹುದು ಅಂದರು. ಕೆಲವರು ಹಾಕಿದರು. ಉಳಿದವರ ಹೊಲಕ್ಕೆ ಊರಿನ ಯುವಕರೇ ಹೋಗಿ ಫೋಟೋ ತೆಗೆದರು. ಸರ್ವೆ ನಂಬರ್ ಯಾವುದು, ಬದು ಎಲ್ಲಿ, ಅಂತರ ಬೆಳೆಯನ್ನು ಬರೆಯಬೇಕಾ ಬೇಡವಾ ಅನ್ನುವ ಚರ್ಚೆ ಹೊಲದಲ್ಲೇ ನಡೆಯುತ್ತದೆ. ರಾಗಿಯ ಸಾಲಿನ ನಡುವೆ ಅಕ್ಕಡಿಯಾಗಿ ಹಾಕಿದ ಅವರೆ, ಹುಚ್ಚೆಳ್ಳು ದಾಖಲೆಗೆ ಹೋಗುತ್ತದೋ ಇಲ್ಲವೋ ಅನ್ನುವುದು ಆ ಹುಡುಗನಿಗೆ ಎಷ್ಟು ಹೊತ್ತು ಇದೆ ಅನ್ನುವುದರ ಮೇಲೂ ನಿಂತಿದೆ.

ಪೇಟೆಗೆ ಬಂದರೆ ಸೌಂಡ್‌ಬಾಕ್ಸ್. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ. ಯುಪಿಐ ಬಂದದ್ದು 2016ರಲ್ಲಿ. ಹೂವಿನ ಅಂಗಡಿ, ಎಳನೀರಿನ ಗಾಡಿ, ಸೊಪ್ಪಿನ ಬುಟ್ಟಿ, ಎಲ್ಲ ಕಡೆ ಕ್ಯೂಆರ್ ಚೀಟಿ ಬಂತು. ಮೊದಲು ಗಿರಾಕಿ ಫೋನ್ ತೋರಿಸಿ ‘ಹಾಕಿದೀನಿ ನೋಡಿ’ ಅನ್ನುತ್ತಿದ್ದರು. ಓದಲು ಬಾರದ ಹೂವಿನ ಅಮ್ಮ ಏನು ನೋಡಬೇಕು? ಆಮೇಲೆ ಮಾತಾಡುವ ಡಬ್ಬಿ ಬಂತು, ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲೇ ಕೂಗಿತು. ಓದು ಬಾರದವರಿಗೆ ಇದು ನಿಜವಾದ ಅನುಕೂಲ. ಅಮ್ಮ ಹೂವು ಕಟ್ಟುತ್ತಲೇ ತಲೆಯಾಡಿಸುತ್ತಾರೆ.

ಈಗ ಸ್ವಲ್ಪ ಹೊತ್ತು ಅಲ್ಲೇ ಕೂತಿರಿ. ಕ್ಯೂಆರ್ ಚೀಟಿಯ ಕೆಳಗೆ ಇರುವ ಹೆಸರು ಓದಿ. ಎಷ್ಟೋ ಕಡೆ ಅದು ಮಗನ ಹೆಸರು, ಅಳಿಯನ ಹೆಸರು. ದುಡ್ಡು ಅವರ ಖಾತೆಗೆ ಹೋಗುತ್ತದೆ. ಅಮ್ಮನಿಗೆ ಧ್ವನಿ ಮಾತ್ರ ಕೇಳುತ್ತದೆ. ಮೊದಲು ಸೆರಗಿನ ಗಂಟಿನಲ್ಲಿ, ಸಂಚಿಯಲ್ಲಿ ಇದ್ದ ದುಡ್ಡು ಅವರದ್ದೇ ಆಗಿತ್ತು. ಸಂಘಕ್ಕೆ ಕಂತು ಕಟ್ಟಲು, ಮೊಮ್ಮಗಳಿಗೆ ಬಳೆ ಕೊಡಿಸಲು ಯಾರನ್ನೂ ಕೇಳಬೇಕಿರಲಿಲ್ಲ. ಈಗ ಕೇಳಬೇಕು. ಕೆಲವರು ಇದಕ್ಕೂ ದಾರಿ ಕಂಡುಕೊಂಡಿದ್ದಾರೆ. ಗುರುತಿನ ಗಿರಾಕಿಗಳಿಗೆ ‘ಚಿಲ್ಲರೆ ಇದ್ರೆ ಕೊಡವ್ವ’ ಅನ್ನುತ್ತಾರೆ. ನಗದಿನಲ್ಲಿ ಬಂದದ್ದು ಅವರ ಕೈಯಲ್ಲಿ ಉಳಿಯುತ್ತದೆ. ಇನ್ನೂ ಒಂದು ಇದೆ. ಡಬ್ಬಿ ಕೂಗುವುದು ಪಕ್ಕದ ಅಂಗಡಿಗೂ ಕೇಳುತ್ತದೆ. ವ್ಯಾಪಾರ ಎಷ್ಟಾಯಿತು ಅನ್ನುವ ಗುಟ್ಟು ಬೀದಿಗೆ ಬಂತು. ಕೆಲವರು ಸಂಜೆ ಜನ ಜಾಸ್ತಿಯಾದಾಗ ಧ್ವನಿ ತಗ್ಗಿಸುತ್ತಾರೆ. ಯುಪಿಐ ವ್ಯವಹಾರ ಎಷ್ಟು ಕೋಟಿ ದಾಟಿತು ಅನ್ನುವ ಅಂಕಿಯಲ್ಲಿ ಈ ಯಾವುದೂ ಕಾಣುವುದಿಲ್ಲ. ಬುಟ್ಟಿಯ ಪಕ್ಕ ಕೂತರೆ ಕಾಣುತ್ತದೆ.

ಗುಟ್ಟಿನ ಮಾತು ಬಂದದ್ದರಿಂದ ನಿಮ್ಮ ನಡತೆಯ ಬಗ್ಗೆಯೂ ಹೇಳಿಬಿಡುತ್ತೇನೆ. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳು ಹಂಚಿಕೊಂಡ ಫೋನಿನಲ್ಲಿ ತಮ್ಮದು ಅಂತ ಒಂದಿಷ್ಟು ಜಾಗವನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಅನ್ನುವ ಅಧ್ಯಯನ 2018ರಲ್ಲಿ ಬಂತು. ಇದೂ ನಿತ್ಯಾ ಸಾಂಬಶಿವನ್ ಅವರ ತಂಡದ್ದೇ. ಆ್ಯಪ್‌ಗೆ ಬೀಗ ಹಾಕುವುದು, ಬೇಕಾದ ಮೆಸೇಜನ್ನಷ್ಟೇ ಅಳಿಸುವುದು, ಕೆಲವನ್ನು ಫೋನಿನಲ್ಲಿ ನೋಡದೇ ಇರುವುದು. ಫೋನ್ ಕೊಡುವುದಿಲ್ಲ ಅಂದರೆ ಮನೆಯಲ್ಲಿ ಅನುಮಾನ ಬರುತ್ತದೆ. ಹಾಗಾಗಿ ಕೊಡುತ್ತಾರೆ, ಕೊಡುವ ಮೊದಲು ಅಳಿಸುತ್ತಾರೆ. ಈಗ ನೀವು ಒಂದು ಮನೆಗೆ ಹೋಗಿ, ಅತ್ತೆಯ ಮುಂದೆ, ಗಂಡನ ಮುಂದೆ, ‘ನೀವು ಫೋನಿನಲ್ಲಿ ಏನೇನು ನೋಡುತ್ತೀರಿ ಅಮ್ಮ?’ ಅಂತ ಕೇಳಿದರೆ ಏನು ಉತ್ತರ ಬರುತ್ತದೆ? ‘ಅಡುಗೆ, ಭಕ್ತಿಗೀತೆ.’ ಅದನ್ನು ಬರೆದುಕೊಂಡು ಬಂದು ಕೋಷ್ಟಕ ಮಾಡಬೇಡಿ. ಹೆಂಗಸರ ಜೊತೆ ಮಾತಾಡಲು ನಿಮ್ಮ ತಂಡದ ಹೆಣ್ಣುಮಕ್ಕಳು ಹೋಗಲಿ. ಸಂಘದ ಸಭೆ ಮುಗಿದ ಮೇಲೆ, ಬಟ್ಟೆ ಒಗೆಯುವ ಕಡೆ, ಅವರಿಗೆ ಬಿಡುವಿರುವ ಹೊತ್ತು ನೋಡಿಕೊಂಡು.

ಯಾರ ಜೊತೆ ಊರೊಳಗೆ ಕಾಲಿಡುತ್ತೀರಿ ಅನ್ನುವುದೂ ಮುಖ್ಯ. ಪಂಚಾಯಿತಿ ಸದಸ್ಯರ ಬೈಕಿನಲ್ಲಿ ಬಂದಿಳಿದರೆ ನೀವು ಅವರ ಕಡೆಯವರು. ಅಧಿಕಾರಿಯ ಜೀಪಿನಲ್ಲಿ ಬಂದರೆ, ಬರುತ್ತಿರುವ ಯಾವುದೋ ದುಡ್ಡು ನಿಲ್ಲಿಸಲು ಬಂದವರು. ಬಸ್ಸಿನಲ್ಲಿ ಹೋಗಿ. ಯಾರದ್ದೋ ವಾಟ್ಸ್‌ಆ್ಯಪ್ ಗುಂಪನ್ನು ಅವರ ಒಪ್ಪಿಗೆ ಪಡೆದು ನೋಡಿದರೂ, ಆ ಗುಂಪಿನಲ್ಲಿ ಉಳಿದವರು ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಅವರ ಮಾತು ನಿಮ್ಮ ಪ್ರಬಂಧಕ್ಕೆ ಬರಕೂಡದು. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಜೆರಾಕ್ಸ್ ಅಂಗಡಿಯ ಆ ನೋಟ್‌ಬುಕ್ಕನ್ನು ತೆರೆದು ತೋರಿಸಿದರೂ ಪುಟದ ಫೋಟೋ ತೆಗೆಯಬೇಡಿ.

ಇನ್ನು ಬರೆಯುವ ವಿಷಯ. ಅಂದಂದಿನ ಟಿಪ್ಪಣಿ ಅಂದೇ ರಾತ್ರಿ ಬರೆಯಿರಿ, ಜನ ಆಡಿದ ಮಾತನ್ನು ಅವರು ಆಡಿದ ಕನ್ನಡದಲ್ಲೇ ಬರೆಯಿರಿ. ಕಲಬುರಗಿಯ ಅಜ್ಜ ಆಡಿದ್ದನ್ನು ಮೈಸೂರಿನ ಕನ್ನಡಕ್ಕೆ ತಿದ್ದಬೇಡಿ. ವರದಿ ಮುಗಿದ ಮೇಲೆ ಅದೇ ಊರಿಗೆ ಮತ್ತೆ ಹೋಗಬೇಕು, ಇದಕ್ಕೆ ಈಗಲೇ ದಿನ ಎತ್ತಿಡಿ. ಸಂಘದವರು, ಅಂಗಡಿಯ ಹುಡುಗ, ಆಶಾ ಕಾರ್ಯಕರ್ತೆ, ಯಾರು ಯಾರು ನಿಮಗೆ ಹೊತ್ತು ಕೊಟ್ಟರೋ ಅವರನ್ನು ಕೂರಿಸಿ ಓದಿ ಹೇಳಿ. ‘ಇದು ಹಂಗಲ್ಲ’ ಅಂತ ಅವರು ತಡೆಯುತ್ತಾರೆ. ತಡೆದ ಕಡೆ ಗುರುತು ಹಾಕಿಕೊಳ್ಳಿ. ಒಬ್ಬರು ಒಂದು ಹೇಳಿ ಇನ್ನೊಬ್ಬರು ಅದನ್ನು ಒಪ್ಪದಿದ್ದರೆ ಎರಡನ್ನೂ ಬರೆಯಿರಿ, ಯಾರು ಯಾಕೆ ಒಪ್ಪಲಿಲ್ಲ ಅನ್ನುವುದನ್ನೂ ಬರೆಯಿರಿ. ಆ ಪುಟಗಳೂ ಸೇರಿದ ವರದಿಯನ್ನೇ ನನ್ನ ಮೇಜಿಗೆ ತನ್ನಿ.